ಸೆಕೆಂಡನ್ನೂ ಅರವತ್ತು ಚೂರು ಮಾಡಿದ ಲೂಯಿ ಮ್ವಾನೆ

ಫಿಸಿಕ್ಸ್ ಲ್ಯಾಬಿನಲ್ಲಿ ಲೋಲಕದ ಪ್ರಯೋಗ ಮಾಡುವಾಗ ನಾವೆಲ್ಲ ಸ್ಟಾಪ್‌ವಾಚ್ ಹಿಡಿದವರೇ. ಒತ್ತಿದರೆ ಓಡುತ್ತೆ, ಮತ್ತೆ ಒತ್ತಿದರೆ ನಿಲ್ಲುತ್ತೆ, ಇನ್ನೊಮ್ಮೆ ಒತ್ತಿದರೆ ಸೊನ್ನೆಗೆ ಬರುತ್ತೆ. ಈ ಕೆಲಸವನ್ನು ಕೈಗಡಿಯಾರದಲ್ಲೇ ಮಾಡೋ ಯಂತ್ರಕ್ಕೆ ಕ್ರೋನೋಗ್ರಾಫ್ ಅಂತ ಹೆಸರು. ಹಳೇ ಕಾಲದ ದುಬಾರಿ ಕ್ರೋನೋಗ್ರಾಫ್‌ಗಳನ್ನು ಹುಡುಕಿ ಕೂಡಿಡುವ ಹವ್ಯಾಸಿಗಳು ಜಗತ್ತಿನ ತುಂಬ ಇದ್ದಾರೆ. ಹರಾಜಿನಲ್ಲಿ ಲಕ್ಷ, ಕೋಟಿ ಸುರಿಯುತ್ತಾರೆ. ಅಂಥದೊಂದು ಗಡಿಯಾರದ ಹರಾಜಿನಿಂದಲೇ, ತೀರಿಕೊಂಡು ನೂರೈವತ್ತು ವರ್ಷ ದಾಟಿದ ಒಬ್ಬರಿಗೆ ಸಲ್ಲಬೇಕಾದ ಹೆಸರು ಸಂದಿತು. ಅವರೇ ಲೂಯಿ ಮ್ವಾನೆ.

ಮ್ವಾನೆ ಹುಟ್ಟಿದ್ದು 1768ರಲ್ಲಿ, ಫ್ರಾನ್ಸಿನ ಬೂರ್ಜ್ ಎಂಬ ಊರಿನಲ್ಲಿ. ಹರೆಯದಲ್ಲಿ ರೋಮಿಗೆ ಹೋಗಿ ಚಿತ್ರಕಲೆ, ಶಿಲ್ಪಕಲೆ ಕಲಿತರು. ಆದರೂ ಗಡಿಯಾರದ ಹುಚ್ಚು ಬಿಡಲಿಲ್ಲ. ಮುಂದೆ ಪ್ಯಾರಿಸ್‌ನಲ್ಲಿ ಆ ಕಾಲದ ದೊಡ್ಡ ಗಡಿಯಾರ ತಜ್ಞ ಅಬ್ರಹಾಂ-ಲೂಯಿ ಬ್ರೆಗೆ ಅವರ ಜೊತೆ ಕೆಲಸ ಮಾಡಿದರು.

ಅವರಿಗೆ ಆಕಾಶ ನೋಡುವ ಆಸಕ್ತಿಯೂ ಇತ್ತು. ದೂರದರ್ಶಕದಲ್ಲಿ ನಕ್ಷತ್ರವೊಂದು ಗೆರೆ ದಾಟುವ ಕ್ಷಣವನ್ನು ಕರಾರುವಾಕ್ಕಾಗಿ ಅಳೆಯಬೇಕಿತ್ತು. ಅದಕ್ಕೆ ಸೆಕೆಂಡು ಸಾಲದು. ಗಂಟೆಯನ್ನು ಅರವತ್ತು ಮಾಡಿದರೆ ನಿಮಿಷ, ನಿಮಿಷವನ್ನು ಅರವತ್ತು ಮಾಡಿದರೆ ಸೆಕೆಂಡು. ಮ್ವಾನೆ ಸೆಕೆಂಡನ್ನೂ ಅರವತ್ತು ಮಾಡಲು ಹೊರಟರು. 1815ರಲ್ಲಿ ಶುರು ಮಾಡಿ 1816ರಲ್ಲಿ ಯಂತ್ರ ಮುಗಿಸಿದರು. ನಡುವಿನ ಮುಳ್ಳು ಸೆಕೆಂಡಿಗೆ ಒಂದು ಸುತ್ತು ಹಾಕುತ್ತಿತ್ತು. ಗುಂಡಿ ಒತ್ತಿದರೆ ಓಡುವುದು, ನಿಲ್ಲುವುದು, ಸೊನ್ನೆಗೆ ಮರಳುವುದು ಎಲ್ಲ ಇತ್ತು.

ಸ್ವಲ್ಪ ಲೆಕ್ಕ ಹಾಕೋಣ. ಸೆಕೆಂಡಿಗೆ 60 ಬಡಿತ ಅಂದರೆ ಗಂಟೆಗೆ 2,16,000. ಎರಡು ಬಡಿತಕ್ಕೆ ಒಂದು ಆಂದೋಲನ, ಹಾಗಾಗಿ 30 ಹರ್ಟ್ಸ್. ಇಂದಿನ ಬಹುಪಾಲು ಒಳ್ಳೆಯ ಯಾಂತ್ರಿಕ ವಾಚುಗಳು ಗಂಟೆಗೆ 28,800 ಬಡಿತದವು, ಅಂದರೆ 4 ಹರ್ಟ್ಸ್. ಹವ್ಯಾಸಿಗಳು ಮುಗಿಬೀಳುವ, 1969ರ ಜೆನಿತ್ ಎಲ್ ಪ್ರಿಮೆರೊ ಕೂಡ 36,000 ಅಷ್ಟೇ. ವೇಗ ಹೆಚ್ಚಿದಷ್ಟೂ ಸ್ಪ್ರಿಂಗಿನ ಶಕ್ತಿ ಬೇಗ ಖಾಲಿ, ಭಾಗಗಳ ಸವೆತವೂ ಜಾಸ್ತಿ. ಇದನ್ನು ಆ ಕಾಲದಲ್ಲೇ ಗೆದ್ದಿದ್ದರು ಅನ್ನೋದೇ ಬೆರಗು.

ಆದರೆ ಹೆಸರು ಬಂದದ್ದು ಬೇರೆಯವರಿಗೆ. 1821ರಲ್ಲಿ ನಿಕೊಲಾ ರಿಯೊಸೆಕ್ ಪ್ಯಾರಿಸ್‌ನ ಕುದುರೆ ರೇಸಿನಲ್ಲಿ, ಮುಖಫಲಕದ ಮೇಲೆ ಶಾಯಿಯ ಚುಕ್ಕೆ ಇಟ್ಟು ಕಾಲ ಗುರುತಿಸುವ ಯಂತ್ರ ಬಳಸಿದರು. ಕಾಲ ಬರೆಯುವುದು ಎಂಬ ಅರ್ಥದ ಕ್ರೋನೋಗ್ರಾಫ್ ಪದ ಅದಕ್ಕೇ ಒಪ್ಪುತ್ತೆ. ರಿಯೊಸೆಕ್ ಏನೂ ಕದ್ದವರಲ್ಲ, ಅವರ ದಾರಿಯೇ ಬೇರೆ. ಆದರೂ ಸುಮಾರು ಎರಡು ಶತಮಾನ ಪುಸ್ತಕಗಳಲ್ಲಿ ಮೊದಲಿಗರಾಗಿ ನಿಂತದ್ದು ಅವರೇ. ಮ್ವಾನೆ 1848ರಲ್ಲಿ ಗಡಿಯಾರ ವಿದ್ಯೆಯ ದೊಡ್ಡ ಗ್ರಂಥ ಪ್ರಕಟಿಸಿ, 1853ರಲ್ಲಿ ತೀರಿಕೊಂಡರು.

2012ರಲ್ಲಿ ಜಿನೀವಾದ ಹರಾಜಿಗೆ ಅವರ ಯಂತ್ರ ಬಂತು. ಕೊಂಡದ್ದು ಅವರದೇ ಹೆಸರಿಟ್ಟುಕೊಂಡ ಇಂದಿನ ಸ್ವಿಸ್ ಕಂಪನಿ. ಒಳಮುಚ್ಚಳದ ಮುದ್ರೆಗಳು ತಯಾರಿಯ ವರ್ಷ ಹೇಳಿದವು. ಮರುವರ್ಷ ಜಗತ್ತಿಗೆ ಗೊತ್ತಾಯಿತು.

ಹಳೇ ವಾಚು ಕೊಳ್ಳುವವರು ಹೊರಗಿನ ಹೊಳಪಿಗಿಂತ ಒಳಗಿನ ಗುರುತು, ನಂಬರುಗಳನ್ನು ಯಾಕೆ ಅಷ್ಟು ಹುಡುಕುತ್ತಾರೆ ಅಂತ ಈಗ ಅರ್ಥವಾಗುತ್ತೆ. ಲ್ಯಾಬ್ ರೆಕಾರ್ಡಿನಲ್ಲಿ ತಾರೀಖು ಹಾಕ್ರಪ್ಪಾ ಅಂತ ಮೇಷ್ಟ್ರು ಹೇಳಿದಾಗ ನಾವು ಗೊಣಗುತ್ತೀವಲ್ಲ, ಇನ್ಮೇಲೆ ಸುಮ್ಮನೆ ಹಾಕೋಣ.