ರೊನಾಲ್ಡ್ ರಾಸ್

ಸರ್ ರೊನಾಲ್ಡ್ ರಾಸ್ (೧೩ ಮೇ ೧೮೫೭ – ೧೬ ಸೆಪ್ಟೆಂಬರ್ ೧೯೩೨) ಭಾರತದಲ್ಲಿ ಜನಿಸಿದ ಬ್ರಿಟಿಷ್ ವೈದ್ಯರು ಮತ್ತು ವಿಜ್ಞಾನಿ. ಮಲೇರಿಯಾ ರೋಗಾಣುವು ಸೊಳ್ಳೆಯ ದೇಹದಲ್ಲಿ ಬೆಳೆದು ಹರಡುವುದನ್ನು ತೋರಿಸಿದ್ದಕ್ಕಾಗಿ ಇವರಿಗೆ ೧೯೦೨ರ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ರೋಗ ಹರಡುವ ಬಗೆಯನ್ನು ಸಮೀಕರಣಗಳಲ್ಲಿ ನಿರೂಪಿಸಿದ ಇವರು, ಸಾಂಕ್ರಾಮಿಕ ರೋಗಗಳ ಗಣಿತೀಯ ಅಧ್ಯಯನಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರು. ಇವರ ವೃತ್ತಿಜೀವನದ ಎರಡು ಮುಖ್ಯ ಘಟ್ಟಗಳು ಬೆಂಗಳೂರಿನಲ್ಲಿ ಕಳೆದವು.

ಜನನ ಮತ್ತು ವಿದ್ಯಾಭ್ಯಾಸ

ರಾಸ್ ಅವರು ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ ಜನಿಸಿದರು. ತಂದೆ ಕ್ಯಾಂಪ್‌ಬೆಲ್ ರಾಸ್ ಭಾರತೀಯ ಸೇನೆಯಲ್ಲಿ ಉನ್ನತ ಅಧಿಕಾರಿಯಾಗಿದ್ದರು. ಹತ್ತು ಮಕ್ಕಳಲ್ಲಿ ಹಿರಿಯರಾದ ರಾಸ್ ಎಂಟನೆಯ ವಯಸ್ಸಿನಲ್ಲಿ ಇಂಗ್ಲೆಂಡಿಗೆ ಹೋಗಿ ಬಂಧುಗಳ ಆಶ್ರಯದಲ್ಲಿ ಬೆಳೆದರು. ಇವರ ಒಲವು ಸಾಹಿತ್ಯ ಮತ್ತು ಕಲೆಗಳ ಕಡೆಗಿತ್ತು. ಆದರೆ ತಂದೆಯ ಇಚ್ಛೆಯಂತೆ ಲಂಡನ್ನಿನ ಸೇಂಟ್ ಬಾರ್ಥೊಲೊಮ್ಯೂಸ್ ಆಸ್ಪತ್ರೆಯಲ್ಲಿ ವೈದ್ಯಕೀಯ ಶಿಕ್ಷಣ ಪಡೆದು, ೧೮೮೧ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದರು. ಮದರಾಸು ಪ್ರಾಂತದಲ್ಲಿ ಸೇವೆಯಲ್ಲಿದ್ದಾಗ ಬಿಡುವಿನ ವೇಳೆಯಲ್ಲಿ ಗಣಿತವನ್ನು ಸ್ವಂತವಾಗಿ ಅಭ್ಯಾಸ ಮಾಡಿದರು. ಅದು ಅವರ ಜೀವನದುದ್ದಕ್ಕೂ ಉಳಿದ ಆಸಕ್ತಿಯಾಯಿತು. ಕವಿತೆ ಮತ್ತು ಕಾದಂಬರಿಗಳನ್ನೂ ಇವರು ರಚಿಸಿದ್ದಾರೆ.

ಬೆಂಗಳೂರಿನಲ್ಲಿ

೧೮೮೩ರಲ್ಲಿ ರಾಸ್ ಬೆಂಗಳೂರಿನ ದಂಡಿನ ಹಂಗಾಮಿ ಶಸ್ತ್ರವೈದ್ಯರಾಗಿ ನೇಮಕಗೊಂಡರು. ತಮ್ಮ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ಹೆಚ್ಚಾಗಿರಲು ಕಾರಣವೇನೆಂದು ಹುಡುಕಿದಾಗ, ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಹುಳುಗಳು ತುಂಬಿರುವುದು ಕಂಡುಬಂದಿತು. ತೊಟ್ಟಿಯನ್ನು ಬರಿದು ಮಾಡಿದೊಡನೆ ಸೊಳ್ಳೆಗಳು ಬಹಳಮಟ್ಟಿಗೆ ಕಡಿಮೆಯಾದವು. ಇದೇ ಕ್ರಮವನ್ನು ಉಳಿದೆಡೆಯೂ ಅನುಸರಿಸಬೇಕೆಂಬ ಇವರ ಸಲಹೆಯನ್ನು, ಪ್ರಕೃತಿಯ ವ್ಯವಸ್ಥೆಯಲ್ಲಿ ಕೈಹಾಕಬಾರದೆಂಬ ಕಾರಣ ನೀಡಿ ಅಲ್ಲಿನ ಸೇನಾಧಿಕಾರಿ ತಳ್ಳಿಹಾಕಿದರು. ಮಲೇರಿಯಾಕ್ಕೂ ಸೊಳ್ಳೆಗೂ ಇರುವ ಸಂಬಂಧ ಆಗ ತಿಳಿದಿರಲಿಲ್ಲ.

೧೮೯೪ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅವರು ರಾಸ್‌ಗೆ ಮಲೇರಿಯಾ ರೋಗಾಣುವನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿ, ಸೊಳ್ಳೆಯೇ ಅದರ ವಾಹಕವಿರಬಹುದೆಂಬ ತಮ್ಮ ಊಹೆಯನ್ನು ತಿಳಿಸಿದರು. ಮರುವರ್ಷ ಭಾರತಕ್ಕೆ ಮರಳಿದ ರಾಸ್ ಸಿಕಂದರಾಬಾದಿನಲ್ಲಿ ಸಂಶೋಧನೆ ಆರಂಭಿಸಿದರು. ಆದರೆ ೧೮೯೫ರ ಸೆಪ್ಟೆಂಬರಿನಲ್ಲಿ ಕಾಲರಾ ನಿಯಂತ್ರಣಕ್ಕಾಗಿ ಅವರನ್ನು ಬೆಂಗಳೂರಿಗೆ ಕಳುಹಿಸಲಾಯಿತು. ಬಾವಿ, ಚರಂಡಿ, ತಿಪ್ಪೆಗಳ ನೈರ್ಮಲ್ಯದ ಕೆಲಸದಲ್ಲಿ ಅವರ ಸಮಯದ ಬಹುಭಾಗ ಕಳೆಯಿತು. ೧೮೯೭ರಲ್ಲಿ ನೀಲಗಿರಿಯ ಸಿಗೂರು ಘಾಟಿಗೆ ಮಲೇರಿಯಾ ಅಧ್ಯಯನಕ್ಕೆ ಹೋದಾಗ ಸ್ವತಃ ಅದೇ ರೋಗಕ್ಕೆ ತುತ್ತಾದರು.

ಮಲೇರಿಯಾ ಸಂಶೋಧನೆ

ಸಿಕಂದರಾಬಾದಿಗೆ ಹಿಂದಿರುಗಿದ ರಾಸ್, ಹುಸೇನ್ ಖಾನ್ ಎಂಬ ರೋಗಿಗೆ ಕಚ್ಚಿದ ಪ್ರತಿ ಸೊಳ್ಳೆಗೆ ಒಂದು ಆಣೆಯಂತೆ ಕೊಟ್ಟು ಪ್ರಯೋಗ ನಡೆಸಿದರು. ೧೮೯೭ರ ಆಗಸ್ಟ್ ೨೦ರಂದು, ರೆಕ್ಕೆಯ ಮೇಲೆ ಚುಕ್ಕೆಗಳಿರುವ ಅನಾಫಿಲಿಸ್ ಜಾತಿಯ ಸೊಳ್ಳೆಯ ಜಠರಭಿತ್ತಿಯಲ್ಲಿ ರೋಗಾಣುವಿನ ಕೋಶಗಳನ್ನು ಕಂಡರು. ಆ ದಿನವನ್ನು ಇಂದಿಗೂ ವಿಶ್ವ ಸೊಳ್ಳೆ ದಿನವೆಂದು ಆಚರಿಸಲಾಗುತ್ತದೆ. ಮುಂದಿನ ವರ್ಷ ಕಲ್ಕತ್ತೆಯಲ್ಲಿ ಸಹಾಯಕ ಮಹಮ್ಮದ್ ಬಕ್ಷ್ ಅವರೊಂದಿಗೆ ಹಕ್ಕಿಗಳ ಮಲೇರಿಯಾವನ್ನು ಅಭ್ಯಸಿಸಿ, ರೋಗಾಣು ಸೊಳ್ಳೆಯ ಜೊಲ್ಲಿನ ಗ್ರಂಥಿಗಳನ್ನು ಸೇರಿ ಕಡಿತದ ಮೂಲಕ ದಾಟುವುದನ್ನು ತೋರಿಸಿದರು. ಮನುಷ್ಯರಿಗೆ ಸಂಬಂಧಿಸಿದಂತೆ ಇದನ್ನು ಇಟಲಿಯ ಗ್ರಾಸಿ ಮತ್ತು ಸಂಗಡಿಗರು ೧೮೯೮ರಲ್ಲಿಯೇ ಸಾಬೀತುಪಡಿಸಿದರು. ಮೊದಲಿಗರು ಯಾರೆಂಬ ವಿವಾದ ಇಬ್ಬರ ನಡುವೆ ಕಹಿಯಾಗಿ ಬೆಳೆಯಿತು.

ಗಣಿತೀಯ ಮಾದರಿ

೧೮೯೯ರಲ್ಲಿ ಸೇವೆಯಿಂದ ನಿವೃತ್ತರಾದ ರಾಸ್ ಲಿವರ್‌ಪೂಲಿನಲ್ಲಿ ಉಷ್ಣವಲಯದ ವೈದ್ಯಶಾಸ್ತ್ರದ ಅಧ್ಯಾಪಕರಾದರು. ಸೊಳ್ಳೆಗಳನ್ನು ಕಡಿಮೆ ಮಾಡಿದರೆ ಮಲೇರಿಯಾ ಕಡಿಮೆಯಾಗುವುದೆಂಬ ಇವರ ವಾದವನ್ನು ಅನೇಕರು ಒಪ್ಪಲಿಲ್ಲ. ಒಂದು ಊರಿನ ಸೊಳ್ಳೆಗಳನ್ನೆಲ್ಲ ನಾಶಮಾಡುವುದು ಅಸಾಧ್ಯ, ಆದ್ದರಿಂದ ಪ್ರಯತ್ನವೇ ವ್ಯರ್ಥ ಎಂಬುದು ಅವರ ನಿಲುವಾಗಿತ್ತು. ಲಾಹೋರ್ ಬಳಿಯ ಮಿಯಾಂ ಮೀರ್ ದಂಡಿನಲ್ಲಿ ನಡೆದ ಪ್ರಯೋಗ ವಿಫಲವಾದದ್ದು ಈ ನಿಲುವಿಗೆ ಬಲ ನೀಡಿತು.

ಇದಕ್ಕೆ ರಾಸ್ ಗಣಿತದ ಮೂಲಕ ಉತ್ತರಿಸಿದರು. ಮಾರಿಷಸ್ ದ್ವೀಪದ ಮಲೇರಿಯಾ ಕುರಿತ ೧೯೦೮ರ ವರದಿಯಲ್ಲಿ ಇದು ಆರಂಭವಾಗಿ, ಮಲೇರಿಯಾ ತಡೆಯ ಬಗ್ಗೆ ಬರೆದ ಗ್ರಂಥದ ೧೯೧೧ರ ಎರಡನೆಯ ಆವೃತ್ತಿಯಲ್ಲಿ ಸಮೀಕರಣಗಳ ರೂಪ ತಾಳಿತು. ಎಷ್ಟು ಸೊಳ್ಳೆಗಳು ಮನುಷ್ಯನನ್ನು ಕಚ್ಚುತ್ತವೆ, ರೋಗಾಣು ಪಕ್ವವಾಗುವವರೆಗೆ ಅವುಗಳಲ್ಲಿ ಎಷ್ಟು ಬದುಕಿರುತ್ತವೆ, ಎಷ್ಟು ರೋಗಿಗಳು ಗುಣಮುಖರಾಗುತ್ತಾರೆ ಎಂಬುದನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡರು. ಹೊಸ ಸೋಂಕುಗಳಿಗಿಂತ ಗುಣಮುಖರಾಗುವವರೇ ಹೆಚ್ಚಾದರೆ ರೋಗ ತಾನಾಗಿ ಕ್ಷೀಣಿಸುತ್ತದೆ. ಅಂದರೆ, ಸೊಳ್ಳೆಗಳ ಸಂಖ್ಯೆಗೆ ಒಂದು ನಿರ್ಣಾಯಕ ಮಿತಿಯಿದೆ. ರಾಸ್ ಬಳಸಿದ ಅಂದಾಜುಗಳಂತೆ ಅದು ಒಬ್ಬ ಮನುಷ್ಯನಿಗೆ ತಿಂಗಳಿಗೆ ಸುಮಾರು ೪೦ ಅನಾಫಿಲಿಸ್ ಸೊಳ್ಳೆಗಳು. ಅದಕ್ಕಿಂತ ಕೆಳಗಿಳಿಸಿದರೆ ಸಾಕು, ಕೊನೆಯ ಸೊಳ್ಳೆಯನ್ನೂ ಕೊಲ್ಲಬೇಕಾಗಿಲ್ಲ. ಈ ವಿಚಾರವನ್ನು ಇತರ ರೋಗಗಳಿಗೂ ಅನ್ವಯಿಸಲು ಅವರು ಗಣಿತಜ್ಞೆ ಹಿಲ್ಡಾ ಹಡ್ಸನ್ ಅವರೊಂದಿಗೆ ೧೯೧೭ರಲ್ಲಿ ಪ್ರಬಂಧಗಳನ್ನು ಪ್ರಕಟಿಸಿದರು.

ಕೊನೆಯ ದಿನಗಳು

೧೯೧೧ರಲ್ಲಿ ರಾಸ್‌ಗೆ ಸರ್ ಪದವಿ ಲಭಿಸಿತು. ೧೯೧೪ರಲ್ಲಿ ಹಿರಿಯ ಮಗ ಮೊದಲ ಮಹಾಯುದ್ಧದಲ್ಲಿ ಮಡಿದರು. ೧೯೨೬ರಲ್ಲಿ ಲಂಡನ್ನಿನ ಪಟ್ನಿಯಲ್ಲಿ ಇವರ ಹೆಸರಿನ ಸಂಶೋಧನಾ ಸಂಸ್ಥೆ ಹಾಗೂ ಆಸ್ಪತ್ರೆ ಆರಂಭವಾಯಿತು. ಪತ್ನಿ ರೋಸಾ ೧೯೩೧ರಲ್ಲಿ ತೀರಿಕೊಂಡರು. ಮರುವರ್ಷ ರಾಸ್ ನಿಧನರಾದರು.

ಪ್ರಭಾವ

ರಾಸ್ ಅವರ ಪ್ರೇರಣೆಯಿಂದ ಗಣಿತದತ್ತ ಹೊರಳಿದ ಸೇನಾವೈದ್ಯ ಮೆಕೆಂಡ್ರಿಕ್, ಕೆರ್ಮಾಕ್ ಅವರೊಂದಿಗೆ ೧೯೨೭ರಲ್ಲಿ ಸಾಂಕ್ರಾಮಿಕಗಳ ಪ್ರಸಿದ್ಧ ಸಿದ್ಧಾಂತವನ್ನು ಮಂಡಿಸಿದರು. ಅದನ್ನು ಪರೀಕ್ಷಿಸಲು ೧೯೦೫–೦೬ರ ಮುಂಬಯಿ ಪ್ಲೇಗ್ ಸಾವುಗಳ ಲೆಕ್ಕವನ್ನು ಬಳಸಲಾಯಿತು. ೧೯೫೦ರ ದಶಕದಲ್ಲಿ ಜಾರ್ಜ್ ಮ್ಯಾಕ್‌ಡೊನಾಲ್ಡ್ ರಾಸ್ ಮಾದರಿಯನ್ನು ಬೆಳೆಸಿ, ಸೊಳ್ಳೆಗಳ ಸಂಖ್ಯೆಗಿಂತ ಅವುಗಳ ಆಯುಷ್ಯವನ್ನು ತಗ್ಗಿಸುವುದು ಹೆಚ್ಚು ಪರಿಣಾಮಕಾರಿ ಎಂದು ತೋರಿಸಿದರು. ಮನೆಯ ಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸುವುದರ ಫಲವನ್ನು ಈ ಗಣಿತ ವಿವರಿಸಿತು. ಭಾರತದಲ್ಲಿ ಅಂತಹ ಸಿಂಪಡಣೆಯ ಆರಂಭದ ದೊಡ್ಡ ಪ್ರಯೋಗಗಳಲ್ಲೊಂದು ೧೯೪೦ರ ದಶಕದಲ್ಲಿ ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಮುಂಬಯಿ ಪ್ರಾಂತದ ಕೆನರಾ ಮತ್ತು ಧಾರವಾಡ ಜಿಲ್ಲೆಗಳಲ್ಲಿ ನಡೆಯಿತು. ಇಂದಿನ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಪ್ರದೇಶಗಳು ಆಗ ಧಾರವಾಡ ಜಿಲ್ಲೆಗೆ ಸೇರಿದ್ದವು. ೧೯೫೩ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾದಾಗ ಇದೇ ವಿಧಾನ ದೇಶದಾದ್ಯಂತ ಜಾರಿಗೆ ಬಂದಿತು.