ಗಾಯಾಳುವನ್ನು ಎತ್ತೋದಕ್ಕೂ ತರಬೇತಿ ಬೇಕು ಎಂದ ಡಾಕ್ಟರ್

ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆ ಪಕ್ಕದಲ್ಲೇ ಪ್ರೆಸಿಡಿಯೋ ಅನ್ನೋ ಹಳೇ ಸೇನಾ ನೆಲೆ ಇದೆ. ಬೇ ಏರಿಯಾದಲ್ಲಿರೋ ಮಕ್ಕಳ ಮನೆಗೆ ಹೋದ ನಮ್ಮವರು ಎಷ್ಟೋ ಜನ ಅಲ್ಲಿ ಸುತ್ತಾಡಿ ಬಂದಿರ್ತಾರೆ. ಅಲ್ಲಿದ್ದ ದೊಡ್ಡ ಸೇನಾ ಆಸ್ಪತ್ರೆಗೆ 1911ರಲ್ಲಿ ಇಟ್ಟ ಹೆಸರು ಲೆಟರ್‌ಮನ್. ಯಾರು ಈ ಲೆಟರ್‌ಮನ್?

ಜೊನಾಥನ್ ಲೆಟರ್‌ಮನ್ ಹುಟ್ಟಿದ್ದು 1824ರಲ್ಲಿ, ಪೆನ್ಸಿಲ್ವೇನಿಯಾದಲ್ಲಿ. ತಂದೆಯೂ ವೈದ್ಯರೇ. 1849ರಲ್ಲಿ ವೈದ್ಯ ಪದವಿ ಪಡೆದು ಅದೇ ವರ್ಷ ಸೇನೆಗೆ ಸೇರಿದರು.

ಅಮೆರಿಕದ ಅಂತರ್ಯುದ್ಧದ ಆರಂಭದಲ್ಲಿ ಗಾಯಾಳುಗಳ ಗತಿ ದೇವರಿಗೇ ಪ್ರೀತಿ. ಗಾಡಿ ಓಡಿಸೋರು ಬಾಡಿಗೆ ಜನ, ಗುಂಡಿನ ಸದ್ದು ಕೇಳಿದರೆ ಓಟ. ಗಾಯಾಳುಗಳನ್ನು ಹೊರುವ ಕೆಲಸ ಬ್ಯಾಂಡ್ ಬಾರಿಸೋರ ಪಾಲಿಗೆ. ಅವರಿಗೆ ಯಾವ ತರಬೇತಿಯೂ ಇರಲಿಲ್ಲ. ಬಿದ್ದವರು ದಿನಗಟ್ಟಲೆ ಮೈದಾನದಲ್ಲೇ ನೀರಿಲ್ಲದೆ ನರಳುತ್ತಿದ್ದರು. ಪೆಟ್ಟಿನಿಂದ ಸಾಯದವರು ಕಾದು ಕಾದೇ ಸತ್ತರು.

1862ರಲ್ಲಿ ಪೊಟೊಮ್ಯಾಕ್ ಸೇನೆಯ ವೈದ್ಯಕೀಯ ಮುಖ್ಯಸ್ಥರಾದ ಲೆಟರ್‌ಮನ್ ಆಂಬುಲೆನ್ಸ್ ಕೆಲಸಕ್ಕೇ ಪ್ರತ್ಯೇಕ ದಳ ಕಟ್ಟಿದರು. ಗಾಯಾಳುವನ್ನು ಹೇಗೆ ಎತ್ತಬೇಕು, ಸ್ಟ್ರೆಚರ್ ಮೇಲೆ ಹೇಗೆ ಮಲಗಿಸಬೇಕು, ಗಾಡಿಗೆ ಹೇಗೆ ಏರಿಸಬೇಕು, ಎಲ್ಲದಕ್ಕೂ ಕವಾಯತು. ಮೊದಲು ಹತ್ತಿರದಲ್ಲೇ ಗಾಯಕ್ಕೆ ಕಟ್ಟು, ಆಮೇಲೆ ಸ್ವಲ್ಪ ಹಿಂದೆ ಶಸ್ತ್ರಚಿಕಿತ್ಸೆಯ ಡೇರೆ, ಕೊನೆಗೆ ದೂರದ ದೊಡ್ಡ ಆಸ್ಪತ್ರೆ: ಹೀಗೆ ಮೂರು ಹಂತ.

ಪರೀಕ್ಷೆ ಬೇಗನೇ ಬಂತು. ಸೆಪ್ಟೆಂಬರ್ 17ರಂದು ಆಂಟೀಟಮ್‌ನಲ್ಲಿ ಒಂದೇ ದಿನದ ಯುದ್ಧದಲ್ಲಿ ಎರಡೂ ಕಡೆ ಸೇರಿ ಸುಮಾರು 23,000 ಜನ ಸತ್ತರು, ಗಾಯಗೊಂಡರು ಇಲ್ಲವೇ ಕಾಣೆಯಾದರು. ಆದರೂ ತಮ್ಮ ಕಡೆಯ ಗಾಯಾಳುಗಳಲ್ಲಿ ಬಹುತೇಕರನ್ನು ಈ ದಳ ಮರುದಿನದೊಳಗೆ ಮೈದಾನದಿಂದ ತೆಗೆಯಿತು. 1864ರಲ್ಲಿ ಅಮೆರಿಕದ ಸಂಸತ್ತು ಇದೇ ಪದ್ಧತಿಯನ್ನು ಇಡೀ ಸೇನೆಗೆ ಕಾನೂನು ಮಾಡಿತು.

ಅದೇ ವರ್ಷ ಸೇನೆ ಬಿಟ್ಟ ಲೆಟರ್‌ಮನ್ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದರು. ಅಸಹಜ ಸಾವುಗಳ ವಿಚಾರಣೆ ನಡೆಸುವ ಕರೋನರ್ ಆಗಿ ಕೆಲಸ ಮಾಡಿದರು. 1867ರಲ್ಲಿ ಹೆಂಡತಿ ತೀರಿಕೊಂಡರು. ಆ ಪೆಟ್ಟಿನಿಂದ ಅವರು ಚೇತರಿಸಿಕೊಳ್ಳಲೇ ಇಲ್ಲ. ಆರೋಗ್ಯ ಕೆಟ್ಟು 1872ರ ಮಾರ್ಚ್‌ನಲ್ಲಿ, ಕೇವಲ 47ನೇ ವಯಸ್ಸಿಗೆ ಕಣ್ಮುಚ್ಚಿದರು. ಸಾವಿರಾರು ಜನರ ಜೀವ ಉಳಿಸಿದ ಮನುಷ್ಯನ ಹೆಸರು ಆಸ್ಪತ್ರೆಗೆ ಬರೋದಕ್ಕೆ ಮತ್ತೆ 39 ವರ್ಷ ಬೇಕಾಯಿತು. ಸೇನೆಯ ಡಾಕ್ಟರುಗಳು, ನರ್ಸ್‌ಗಳು ಅಲ್ಲೇ ತರಬೇತಿ ಪಡೆದರು. 1990ರ ದಶಕದಲ್ಲಿ ಆಸ್ಪತ್ರೆ ಮುಚ್ಚಿತು.

ಊರಲ್ಲಿ 108ಕ್ಕೆ, ದುಬೈಯಲ್ಲಿ 998ಕ್ಕೆ ಫೋನ್ ಮಾಡಿದಾಗ ಬರೋ ಗಾಡಿಯ ಹಿಂದೆ ಇಂಥವರ ದುಡಿಮೆಯೂ ಇದೆ. ಕಂಪನಿಯಲ್ಲಿ ಪ್ರಥಮ ಚಿಕಿತ್ಸೆ ತರಬೇತಿ ಇದ್ದರೆ, ಡ್ಯೂಟಿ ಸುಸ್ತು ಅಂತ ತಪ್ಪಿಸಿಕೊಳ್ಳಬೇಡಿ. ಗಾಡಿ ಬರೋವರೆಗೆ ಪಕ್ಕದಲ್ಲಿರೋದು ನೀವೇ.