ಜಗದ್ಗುರು ಬಾದಶಹ: ಎರಡನೆಯ ಇಬ್ರಾಹಿಮ ಆದಿಲಶಹ

ವಿಜಾಪುರವೆಂದೊಡನೆ ಹೊರಗಿನವರ ಕಣ್ಣೆದುರಿಗೆ ನಿಲ್ಲುವುದು ಗೋಳಗುಮ್ಮಟ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಒಳಗೆ 124 ಅಡಿಯ ವ್ಯಾಸವುಳ್ಳ, ನಡುವೆ ಒಂದು ಕಂಬದ ಆಸರೆಯೂ ಇಲ್ಲದ ಅಂಥ ಗುಮ್ಮಟವನ್ನು ಕಂಡು ಬೆರಗಾಗದವರು ಯಾರು? ಆದರೆ ಅದನ್ನು ಕಟ್ಟಿಸಿಕೊಂಡ ಮಹಮ್ಮದ ಆದಿಲಶಹನ ತಂದೆ ಯಾರೆಂದು ಕೇಳಿದರೆ ನಮ್ಮಲ್ಲಿ ಅನೇಕರು ತಡವರಿಸುತ್ತೇವೆ. ಮಗನ ಗುಮ್ಮಟದ ನೆರಳಿನಲ್ಲಿ ತಂದೆಯ ಹಾಡು ಮರೆಯಾಗಿದೆ.

ನಾನು ಕಳ್ಳಕವಟಗಿಯವನು. ನಮ್ಮ ಕಡೆಯವರು ಟಿಕೋಟಾ ಮಾರ್ಗವಾಗಿ ನಗರಕ್ಕೆ ಬರುವವರು. ಪಶ್ಚಿಮದಿಂದ ಬರುವ ನಮಗೆ ಮೊದಲು ಎದುರಾಗುವುದು ತೊರವಿ ಮತ್ತು ನವರಸಪುರದ ಪಾಳು ಗೋಡೆಗಳು. ಆಮೇಲೆ ಇಬ್ರಾಹಿಮ ರೋಜಾದ ಮಿನಾರುಗಳು. ಗೋಳಗುಮ್ಮಟವಿರುವುದು ಊರಿನ ಆಚೆಯ ತುದಿಗೆ. ದಾರಿಯೇ ನಮಗೆ ಮಗನಿಗಿಂತ ಮೊದಲು ತಂದೆಯ ಪರಿಚಯ ಮಾಡಿಕೊಡುತ್ತದೆ. ಹೀಗಿದ್ದೂ ಬಸ್ಸಿನ ಕಿಟಕಿಯಿಂದ ಅವನ್ನು ನೋಡಿಯೂ ನೋಡದವರಂತೆ ಸಾಗುವವರೇ ಹೆಚ್ಚು. ಈ ವರ್ಷ ಇಬ್ಬರು ಗೆಳೆಯರೊಡನೆ ಅಲ್ಲೆಲ್ಲ ಕಾಲ್ನಡಿಗೆಯಿಂದ ತಿರುಗಾಡಿದೆ. ಆ ಕಲ್ಲುಗಳ ಒಡೆಯನ ಜೀವನವನ್ನು ಸಹಪಾಠಿಗಳ ಮುಂದಿಡಬೇಕೆಂಬ ಆಸೆ ಹುಟ್ಟಿದ್ದು ಆಗಲೇ.

ಯೂಸುಫ ಆದಿಲಖಾನನಿಂದ ಹದಿನೈದನೆಯ ಶತಮಾನದ ಕೊನೆಯಲ್ಲಿ ಆರಂಭವಾದ ಈ ಮನೆತನದಲ್ಲಿ ಒಂದನೆಯ ಅಲಿ ಆದಿಲಶಹನು ಹೆಸರಾದವನು. 1565ರ ಯುದ್ಧದಲ್ಲಿ ವಿಜಯನಗರದ ಪತನಕ್ಕೆ ಕಾರಣರಾದ ಸುಲ್ತಾನರಲ್ಲಿ ಅವನೂ ಒಬ್ಬ. ವಿಜಾಪುರದ ಕೋಟೆಯೂ ಜುಮ್ಮಾ ಮಸೀದಿಯೂ ಗಗನಮಹಲೂ ಅವನ ಕಾಲದವು. ಅವನು 1580ರಲ್ಲಿ ಕೊಲೆಯಾದನು. ಅವನಿಗೆ ಗಂಡುಮಕ್ಕಳಿರಲಿಲ್ಲ. ತಮ್ಮ ತಹಮಾಸ್ಪನ ಮಗ ಇಬ್ರಾಹಿಮನಿಗೆ ಪಟ್ಟವಾಯಿತು. ಆಗ ಅವನ ವಯಸ್ಸು ಕೇವಲ ಒಂಬತ್ತು ವರ್ಷ.

ಒಂಬತ್ತು ವರ್ಷದ ಹುಡುಗನು ರಾಜ್ಯವಾಳುವುದೆಂದರೇನು? ಅವನ ಹೆಸರಿನಲ್ಲಿ ಬೇರೆಯವರು ಆಳುವುದು. ಅಲಿಯ ವಿಧವೆ ಚಾಂದಬೀಬಿಯು ಬಾಲಕನಿಗೆ ರಕ್ಷಕಳಾಗಿ ನಿಂತಳು. ಆದರೆ ಸರದಾರರ ಆಸೆಗೆ ಮಿತಿಯಿರಲಿಲ್ಲ. ಕಾಮಿಲಖಾನನನ್ನು ಕಿಶ್ವರಖಾನ ತಳ್ಳಿದ. ಕಿಶ್ವರಖಾನನು ಚಾಂದಬೀಬಿಯನ್ನೇ ಸಾತಾರೆಯ ಕೋಟೆಯಲ್ಲಿ ಸೆರೆಯಿಟ್ಟ. ಅವನನ್ನು ಓಡಿಸಿ ಇಖಲಾಸಖಾನ ಬಂದ. ಇಖಲಾಸಖಾನನ ಕಣ್ಣು ಕೀಳಿಸಿ ದಿಲಾವರಖಾನ ಅಧಿಕಾರ ಹಿಡಿದ. ಒಳಗಿನ ಈ ಕಲಹವನ್ನು ಕಂಡು ಅಹಮದನಗರ ಮತ್ತು ಗೋವಳಕೊಂಡಗಳ ಸೈನ್ಯಗಳು ವಿಜಾಪುರಕ್ಕೆ ಮುತ್ತಿಗೆ ಹಾಕಿ, ಕೊನೆಗೆ ಗೆಲ್ಲಲಾರದೆ ಹಿಂದಿರುಗಿದವು. 1584ರಲ್ಲಿ ಚಾಂದಬೀಬಿಯು ತವರೂರಾದ ಅಹಮದನಗರಕ್ಕೆ ಹೋದಳು. ಮುಂದೆ ಆ ಕೋಟೆಯನ್ನು ಮೊಗಲರಿಂದ ಕಾಪಾಡಿದ ಅವಳ ಶೌರ್ಯ ಲೋಕವಿಖ್ಯಾತವಾದುದು. ಬಾಲಕ ಇಬ್ರಾಹಿಮನು ಮಾತ್ರ ದಿಲಾವರಖಾನನ ಹದ್ದಿನ ಕಣ್ಣಿನ ಕೆಳಗೆ ಬೆಳೆದನು. 1590ರಲ್ಲಿ ಆ ಹಿಡಿತದಿಂದ ಬಿಡಿಸಿಕೊಂಡು ನಿಜವಾದ ಅರಸನಾದಾಗ ಅವನಿಗೆ ಇನ್ನೂ ಇಪ್ಪತ್ತರ ಆಸುಪಾಸು, ಎಂದರೆ ಇಂದು ನಮ್ಮ ತರಗತಿಗಳಲ್ಲಿ ಕುಳಿತಿರುವವರ ವಯಸ್ಸು.

ಇಂಥ ಬಾಲ್ಯವನ್ನು ಕಂಡವನು ಕ್ರೂರಿಯಾಗುವುದು ಸಹಜ. ಇಲ್ಲವೆ ವಿಲಾಸಿಯಾಗುವುದು ಸಹಜ. ಇಬ್ರಾಹಿಮನು ಸಂಗೀತಗಾರನಾದನು. ಅವನ ಕಾಲದ ಚಿತ್ರಗಳು ಇಂದು ದೇಶವಿದೇಶಗಳ ಸಂಗ್ರಹಾಲಯಗಳಲ್ಲಿವೆ. ಅವುಗಳಲ್ಲಿ ಅವನು ಕತ್ತಿಗಿಂತ ತಂಬೂರಿಯನ್ನು ಹಿಡಿದೇ ಶೋಭಿಸುತ್ತಾನೆ. ಕೊರಳಲ್ಲಿ ರುದ್ರಾಕ್ಷಿಮಾಲೆ ಕಾಣಿಸುತ್ತದೆ. ಆ ತಂಬೂರಿಗೆ ಅವನಿಟ್ಟ ಹೆಸರು ಮೋತಿಖಾನ. ಮೆಚ್ಚಿನ ಆನೆಯ ಹೆಸರು ಆತಶಖಾನ. ಹೆಂಡತಿಯ ಹೆಸರಿನೊಡನೆ ಆನೆಯ ಹೆಸರನ್ನೂ ತಂಬೂರಿಯ ಹೆಸರನ್ನೂ ಹಾಡಿನಲ್ಲಿ ಸೇರಿಸಿದ ಅರಸರು ಎಷ್ಟು ಮಂದಿ ಸಿಕ್ಕಾರು?

ಆ ಹಾಡುಗಳ ಪುಸ್ತಕವೇ ‘ಕಿತಾಬ-ಏ-ನವರಸ’. ದಖನಿ ಭಾಷೆಯಲ್ಲಿ ರಚಿತವಾದ ಇದರಲ್ಲಿ 59 ಗೀತಗಳೂ 17 ದೋಹೆಗಳೂ ಇವೆ. ಗೀತಗಳು ರಾಗಗಳ ಹೆಸರಿನಲ್ಲಿ ವಿಂಗಡವಾಗಿವೆ. ಗ್ರಂಥದಲ್ಲಿ ಸರಸ್ವತಿಯ ಸ್ತುತಿಯಿದೆ, ಗಣಪತಿಯ ಸ್ತುತಿಯಿದೆ, ಅವರನ್ನು ತನ್ನ ತಾಯಿತಂದೆಗಳೆಂದೇ ಕವಿ ಭಾವಿಸುತ್ತಾನೆ. ಅದೇ ಗ್ರಂಥದಲ್ಲಿ ಪ್ರವಾದಿಯ ಸ್ಮರಣೆಯೂ ಕಲಬುರ್ಗಿಯ ಬಂದೇನವಾಜರ ಸ್ಮರಣೆಯೂ ಅಷ್ಟೇ ಭಕ್ತಿಯಿಂದ ಬಂದಿವೆ. ಪಾರಸಿ ಕವಿ ಜುಹೂರಿಯು ಇದಕ್ಕೆ ಮುನ್ನುಡಿ ಬರೆದನು. ಪ್ರಸಿದ್ಧ ಚರಿತ್ರಕಾರ ಫರಿಶ್ತಾ ತನ್ನ ಬೃಹದ್ಗ್ರಂಥವನ್ನು ಬರೆದದ್ದು ಇವನ ಆಶ್ರಯದಲ್ಲಿಯೇ. ಪ್ರಜೆಗಳು ಈ ಅರಸನನ್ನು ಜಗದ್ಗುರು ಬಾದಶಹನೆಂದು ಕರೆದರು. ನಗರದ ಒಳಕೋಟೆಯ ಬಳಿಯಿರುವ ನರಸೋಬಾ ಗುಡಿಗೆ ಅವನು ನಡೆದುಕೊಳ್ಳುತ್ತಿದ್ದನೆಂದು ಜನ ಈಗಲೂ ಹೇಳುತ್ತಾರೆ.

ನವರಸವೆಂಬ ಮಾತು ಅವನಿಗೆ ಒಂದು ಹುಚ್ಚೇ ಆಗಿತ್ತೆನ್ನಬೇಕು. ನಾಣ್ಯಕ್ಕೆ ಅದೇ ಹೆಸರು, ಹಬ್ಬಕ್ಕೆ ಅದೇ ಹೆಸರು. 1599ರಲ್ಲಿ ತೊರವಿಯ ಬಳಿ ಹೊಸ ಪಟ್ಟಣವೊಂದನ್ನು ಕಟ್ಟಿಸತೊಡಗಿದಾಗ ಅದಕ್ಕೂ ನವರಸಪುರವೆಂದೇ ಹೆಸರಿಟ್ಟನು. ನೀರಿಗೆ ಹೆಸರಾದ ಸ್ಥಳ ಅದು. ತೊರವಿಯ ನೀರು ನೆಲದೊಳಗಿನ ಸುರಂಗಗಳ ಮೂಲಕ ವಿಜಾಪುರದವರೆಗೆ ಹರಿದು ಬರುತ್ತಿತ್ತು. ಬರಗಾಲದ ಸೀಮೆಯ ನಮಗೆ ಇದರ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಕುಮಾರ ವಾಲ್ಮೀಕಿಯು ತನ್ನ ರಾಮಾಯಣವನ್ನು ಅರ್ಪಿಸಿದ ನರಸಿಂಹದೇವರ ಊರೂ ಇದೇ ತೊರವಿ. ಕನ್ನಡದ ಕಾವ್ಯವೂ ದಖನಿಯ ಗೀತವೂ ಒಂದೇ ನೆಲದ ನೀರು ಕುಡಿದಿವೆಯೆಂಬುದು ಎಂಥ ಸೋಜಿಗ!

ನವರಸಪುರದ ಸಂಗೀತಮಹಲು ಇಂದು ಪಾಳುಬಿದ್ದಿದೆ. ಆದರೂ ಅದರ ಎತ್ತರದ ಕಮಾನುಗಳು ಇನ್ನೂ ನಿಂತಿವೆ. ನಾವು ಹೋದಾಗ ಗಾಳಿಯ ಸದ್ದೊಂದನ್ನು ಬಿಟ್ಟರೆ ಬೇರೆ ನಾದವಿರಲಿಲ್ಲ. ಊರ ಸುತ್ತಲಿನ ಕೋಟೆಗೋಡೆ ಪೂರ್ತಿಯಾಗಲೇ ಇಲ್ಲ. ಅದರ ಫಲವನ್ನು ಅರಸನು ತನ್ನ ಕಣ್ಣಿನಿಂದಲೇ ಕಾಣಬೇಕಾಯಿತು.

ಹಾಡುವ ಅರಸನನ್ನು ರಾಜಕಾರಣ ಸುಮ್ಮನೆ ಬಿಡುವುದೆ? ಉತ್ತರದಿಂದ ಅಕಬರನ ಸೈನ್ಯ ಅಹಮದನಗರವನ್ನು ನುಂಗುತ್ತ ಬರುತ್ತಿತ್ತು. ಇಬ್ರಾಹಿಮನು ಯುದ್ಧಕ್ಕಿಂತ ಸಂಧಿಯನ್ನೇ ಆರಿಸಿಕೊಂಡು, 1604ರಲ್ಲಿ ತನ್ನ ಮಗಳನ್ನು ಅಕಬರನ ಮಗ ದಾನಿಯಾಲನಿಗೆ ಕೊಟ್ಟನು. ಈ ಸಂಬಂಧದ ಸಲುವಾಗಿ ಬಂದ ರಾಯಭಾರಿ ಅಸದಬೇಗನು ವಿಜಾಪುರದ ಪೇಟೆಯ ವೈಭವವನ್ನು ಕಂಡು ಬೆರಗಾದನು. ಅವನು ಮೊದಲು ಎಲ್ಲಿಯೂ ಕಂಡಿರದ ಒಂದು ವಸ್ತುವನ್ನು ಇಲ್ಲಿಂದ ಒಯ್ದು ಅಕಬರನಿಗೆ ಒಪ್ಪಿಸಿದನು. ಅದು ತಂಬಾಕು! ಮೊಗಲ ದರಬಾರಿಗೆ ಹೊಗೆ ಹತ್ತಿದ್ದು ನಮ್ಮ ಊರಿನಿಂದ. 1619ರಲ್ಲಿ ಬೀದರವು ವಿಜಾಪುರಕ್ಕೆ ಸೇರಿತು. ಆದರೆ 1624ರಲ್ಲಿ ಭಾತವಡಿಯ ಯುದ್ಧದಲ್ಲಿ ಅಹಮದನಗರದ ಮಲಿಕಂಬರನು ಮೊಗಲರನ್ನೂ ವಿಜಾಪುರದವರನ್ನೂ ಒಟ್ಟಿಗೆ ಸೋಲಿಸಿ, ನೇರವಾಗಿ ಇಲ್ಲಿಗೇ ನುಗ್ಗಿ, ನವರಸಪುರವನ್ನು ಹಾಳುಗೆಡವಿದನು. ಇಪ್ಪತ್ತೈದು ವರ್ಷ ಹಾಡಿದ ಪಟ್ಟಣ ಮೌನವಾಯಿತು.

ಇಷ್ಟು ಹೇಳಿ ನಿಲ್ಲಿಸಿದರೆ ಚರಿತ್ರೆಗೆ ಅನ್ಯಾಯ ಮಾಡಿದಂತಾಗುತ್ತದೆ. ಕಲಾರಸಿಕನ ಕೈಗಳೂ ಪೂರ್ಣ ಶುಭ್ರವಾಗಿರಲಿಲ್ಲ. ಓಡಿಹೋಗಿದ್ದ ದಿಲಾವರಖಾನನನ್ನು ನಂಬಿಸಿ ಕರೆಸಿ ಕಣ್ಣು ಕೀಳಿಸಿದವನು ಈ ಇಬ್ರಾಹಿಮನೇ. ಬೆಳಗಾವಿಯಲ್ಲಿ ದಂಗೆಯೆದ್ದ ಒಡಹುಟ್ಟಿದ ತಮ್ಮ ಇಸ್ಮಾಯಿಲನೂ ಆ ಸಿಂಹಾಸನಕ್ಕೆ ಬಲಿಯಾದನು. ಅವನ ಆಸ್ಥಾನದಲ್ಲಿ ಪಾರಸಿಗೂ ದಖನಿಗೂ ಸಿಕ್ಕ ಮನ್ನಣೆ ಊರ ಮಾತಾದ ಕನ್ನಡಕ್ಕೆ ಸಿಗಲಿಲ್ಲ. ಈ ಮಾತುಗಳನ್ನು ಮುಚ್ಚಿಟ್ಟು ಅವನನ್ನು ದೇವರನ್ನಾಗಿ ಮಾಡುವುದೂ ಒಂದೇ, ಇವುಗಳನ್ನಷ್ಟೇ ಎತ್ತಿ ಹಿಡಿದು ಅವನನ್ನು ರಾಕ್ಷಸನನ್ನಾಗಿ ಮಾಡುವುದೂ ಒಂದೇ.

ಕೊನೆಯದಾಗಿ ಇಬ್ರಾಹಿಮ ರೋಜಾದ ಮಾತು. ರಾಣಿ ತಾಜಸುಲ್ತಾನಳಿಗಾಗಿ ಇದರ ಕೆಲಸ ಆರಂಭವಾಯಿತೆಂದು ಹೇಳುತ್ತಾರೆ. ಶಿಲ್ಪಿಯ ಹೆಸರು ಮಲಿಕ ಸಂದಲ. ಖರ್ಚು ಸುಮಾರು ಒಂದೂವರೆ ಲಕ್ಷ ಹೊನ್ನು. ಒಂದೇ ಜಗಲಿಯ ಮೇಲೆ ಈಚೆಗೆ ಸಮಾಧಿ, ಆಚೆಗೆ ಮಸೀದಿ, ನಡುವೆ ಕಾರಂಜಿಯ ಹೊಂಡ. ಸಮಾಧಿಯ ಕಿಟಕಿಗಳಲ್ಲಿ ಅಕ್ಷರಗಳನ್ನೇ ಜಾಲರಿಯಾಗಿ ಕೊರೆದಿದ್ದಾರೆ; ಬೆಳಕು ಒಳಗೆ ಬರಬೇಕಾದರೆ ಅಕ್ಷರಗಳ ನಡುವೆಯೇ ನುಸುಳಿ ಬರಬೇಕು. ಸುಮಾರು 40 ಅಡಿ ಚೌಕದ ಆ ಕೋಣೆಯ ಮೇಲ್ಛಾವಣಿ ಚಪ್ಪಟೆಯಾದ ಕಲ್ಲಿನದು. ಕೆಳಗೆ ಕಂಬವಿಲ್ಲ, ತೊಲೆಯಿಲ್ಲ. ಕಲ್ಲು ಕಲ್ಲನ್ನು ಹಿಡಿದು ಮೂರೂ ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ನಿಂತಿದೆ.

ಒಳಗೆ ಆರು ಗೋರಿಗಳಿವೆ. 1627ರ ಸಪ್ಟೆಂಬರದಲ್ಲಿ, ನಲವತ್ತೇಳು ವರ್ಷ ಆಳಿದ ಇಬ್ರಾಹಿಮನು ತೀರಿಕೊಂಡಾಗ ಪಟ್ಟ ಸಿಕ್ಕಿದ್ದು ಹಿರಿಯ ಮಗ ದರವೇಶನಿಗಲ್ಲ, ಕಿರಿಯನಾದ ಮಹಮ್ಮದನಿಗೆ. ದರವೇಶನ ಕಣ್ಣುಗಳನ್ನು ಸರದಾರರು ಕೀಳಿಸಿದರು. ಆ ಕುರುಡ ಮಗನೂ ಇಂದು ತಂದೆಯ ಮಗ್ಗುಲಲ್ಲಿಯೇ ಮಲಗಿದ್ದಾನೆ. ನವರಸಗಳನ್ನೂ ಹಾಡಿದವನ ಮನೆಯಲ್ಲಿ ಕರುಣರಸವೇ ಕೊನೆಯದಾಯಿತು. 1686ರಲ್ಲಿ ಔರಂಗಜೇಬನು ನಗರವನ್ನು ಗೆದ್ದ ಮೇಲೆ ಮನೆತನವೂ ಮುಗಿಯಿತು, ರಾಜಧಾನಿಯೆಂಬ ಪದವಿಯೂ ಮುಗಿಯಿತು. 2014ರಿಂದ ಊರಿಗೆ ವಿಜಯಪುರವೆಂಬ ಹೆಸರು ಅಧಿಕೃತವಾಗಿದೆ. ಹೆಸರು ಬದಲಾದರೂ ಕಲ್ಲು ತನ್ನ ಕಥೆಯನ್ನು ಬದಲಿಸಿಲ್ಲ.

ಸಹಪಾಠಿ ಮಿತ್ರರೇ, ನಾವು ವಸತಿಗೃಹದ ಅಂಗಳದಲ್ಲಿ ಕುಳಿತು ಚರಿತ್ರೆಯನ್ನು ಚರ್ಚಿಸುವಾಗ ಸತ್ತವರನ್ನು ಎರಡು ಸಾಲಾಗಿ ನಿಲ್ಲಿಸುತ್ತೇವೆ: ಇವರು ನಮ್ಮವರು, ಅವರು ಪರರು. ಇಬ್ರಾಹಿಮನು ಯಾವ ಸಾಲಿನಲ್ಲಿಯೂ ನಿಲ್ಲಲು ಒಪ್ಪುವುದಿಲ್ಲ. ಮಸೀದಿಯ ಎದುರಿಗೆ ಮಲಗಿರುವ ಅವನು ಸರಸ್ವತಿಯನ್ನು ತಾಯಿಯೆಂದವನು. ನಮ್ಮ ಕಾಲೇಜಿನಲ್ಲಿ ಪುಸ್ತಕ ಹಿಡಿಯುವವರೆಲ್ಲರೂ ಆ ತಾಯಿಯ ಮಕ್ಕಳೇ ಆದ ಮೇಲೆ, ಅವನು ನಮಗೆ ಏನಾಗಬೇಕೆಂಬುದನ್ನು ಲೆಕ್ಕ ಹಾಕಿಕೊಳ್ಳಬಹುದು. ಮುಂದಿನ ರಜೆಯಲ್ಲಿ ಊರಿಗೆ ಹೋಗುವಾಗ ಟಿಕೋಟಾದ ಬಸ್ಸನ್ನು ತೊರವಿಯಲ್ಲಿ ಒಂದು ಗಳಿಗೆ ಬಿಟ್ಟಿಳಿಯಿರಿ. ಟಿಕೀಟಿನ ಹಣ ಹೆಚ್ಚೇನೂ ಆಗದು. ಮುಂದಿನ ಬಸ್ಸು ಬರುವವರೆಗೆ ನೋಡಲು ಬೇಕಾದಷ್ಟಿದೆ.